ಎರಡು ಮುಖದ ಗಡಿಯಾರ

ನಮ್ಮ ಮನೆಯೊಳಗೆ ನಿಂತ ಗಡಿಯಾರ ಇರಬಾರದು ಎಂಬ ಕಟ್ಟಳೆ ಇತ್ತು. ಕೇಳಿದವರು ನಗುತ್ತಿದ್ದರು, ಯಾಕೆಂದರೆ ನಮ್ಮಪ್ಪ ಗಡಿಯಾರ ರಿಪೇರಿ ಮಾಡುವವನು. ರಾಯಚೂರಿನ ತೀನ್ ಕಂದೀಲ್ ಹತ್ತಿರ ಅವನಿಗೊಂದು ಗೂಡಿನಂಥ ಅಂಗಡಿ. ಬಲಗಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು ಬಗ್ಗಿ ಕೂತನೆಂದರೆ ಊಟದ ಹೊತ್ತಿಗೇ ತಲೆ ಎತ್ತುತ್ತಿದ್ದುದು. ಊರ ಮಂದಿಯ ಕೆಟ್ಟ ಗಡಿಯಾರಗಳೆಲ್ಲ ಅಲ್ಲಿ ಸಾಲಾಗಿ ತೂಗಾಡುತ್ತಿದ್ದವು, ಆದರೆ ಒಂದೂ ನಮ್ಮ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅವಳು ಮಾನ್ವಿ ಕಡೆಯ ಬಾಗಲವಾಡದಲ್ಲಿ ಹುಟ್ಟಿ ಬೆಳೆದವಳು, ಗುಡಿಯ ಹನುಮಪ್ಪನನ್ನು ಬಿಟ್ಟರೆ ಯಾರಿಗೂ ಹೆದರದವಳು. ಸಂಜೆ ಅಪ್ಪ ಬಂದರೆ ಬಾಗಿಲಲ್ಲೇ ನಿಲ್ಲಿಸಿ ಅಂಗಿಯ ಕಿಸೆ ಮುಟ್ಟಿ ನೋಡುತ್ತಿದ್ದಳು.

“ಕಿಸೇದಾಗ ಏನರ ಐತೇನಲೇ?”

“ಬೀಡಿ ಕಟ್ಟು ಐತಿ ಯವ್ವಾ. ಅದನ್ನೂ ಹೊರಗ ಇಡ್ಲೇನು?”

“ಬೀಡಿ ಇರಲಿ. ಸತ್ತ ಗಡಿಯಾರ ಮಾತ್ರ ಒಳಗ ತರಬ್ಯಾಡ.”

ಈ ಕಟ್ಟಳೆ ಹುಟ್ಟಿದ್ದು ಒಂದು ಸಾವಿನಿಂದ. ನನಗೆ ಏಳು ವರ್ಷವಿದ್ದಾಗ ಅವ್ವ ಗಂಡುಮಗುವನ್ನು ಹೆತ್ತಳು. ಅದು ಅಳಲೇ ಇಲ್ಲ. ಅವ್ವನಿಗೂ ಮೂರು ದಿನ ಎಚ್ಚರವಿರಲಿಲ್ಲ. ಆಯಿ ಅವಳ ತುಟಿಗೆ ಹತ್ತಿಯಿಂದ ನೀರು ಒತ್ತುತ್ತಿದ್ದುದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಪಡಸಾಲೆಯ ಗೋಡೆ ಗಡಿಯಾರ ಆ ದಿನ ನಡೆಯುತ್ತಿರಲಿಲ್ಲ. ಎಣ್ಣೆ ಬಿಡಲೆಂದು ಅಪ್ಪ ಹಿಂದಿನ ದಿನ ಅದರ ಲೋಲಕ ತೆಗೆದು ಪುಟ್ಟಿಯಲ್ಲಿಟ್ಟಿದ್ದ. ಅವ್ವ ಎದ್ದು ಕೂತು, ಒಂದು ಗುಟುಕು ಗಂಜಿ ಕುಡಿದ ದಿನ ಆಯಿ ಅಪ್ಪನ ಎದುರು ನಿಂತು, “ಜೀವ ಬರೋ ಹೊತ್ತಿನ್ಯಾಗ ಮನ್ಯಾಗ ಹೊತ್ತ ನಿಲ್ಲಿಸಿದ್ದೆಲ್ಲೋ” ಎಂದಳು. ಅಪ್ಪ ಓದಿದವನು, ಇಂಥದ್ದನ್ನು ನಂಬುವವನಲ್ಲ, ಒಂದಕ್ಕೆರಡು ಮಾತಾಡುವವನು. ಆ ದಿನ ತಲೆ ತಗ್ಗಿಸಿದ. ಅವನು ತಲೆ ತಗ್ಗಿಸಿದ್ದನ್ನು ನೋಡಿಯೇ ನಾನು ನಂಬಿದೆ.

ಎರಡು ವರ್ಷದ ಮೇಲೆ ಅವ್ವನಿಗೆ ಮತ್ತೆ ದಿನ ತುಂಬಿದವು. ಅಷ್ಟರಲ್ಲಿ ನಮ್ಮ ಮನೆಯ ಗಾಳಿಯೇ ಬದಲಾಗಿತ್ತು. ಮೂರೇ ಕೋಣೆಯ ಮಾಳಿಗೆ ಮನೆ: ಮುಂದೆ ಪಡಸಾಲೆ, ನಡುವೆ ದೇವರ ಗೂಡು ಇದ್ದ ಅಡಿಗೆಮನೆ, ಹಿಂದೆ ಕಿಟಕಿಯಿಲ್ಲದ ಒಳಕೋಣೆ. ಹಿಂದಿನ ಹೆರಿಗೆ ಆದ ಆ ಒಳಕೋಣೆಯ ಬಾಗಿಲ ಕಡೆ ನಾನು ತಿರುಗಿ ನೋಡುತ್ತಿರಲಿಲ್ಲ. ನೋವು ಶುರುವಾದಾಗ ಮನೆಯ ಬೀಗ ತೆಗೆದು ಗಂಟು ಬಿಚ್ಚುವ ಪದ್ಧತಿ ನಮ್ಮ ಕಡೆ ಇದೆ, ಹೆರಿಗೆ ಸಲೀಸಾಗಲಿ ಎಂದು. ಆಯಿ ಅದನ್ನು ಎಂಟು ದಿನ ಮೊದಲೇ ಮಾಡಿದಳು. ಟ್ರಂಕಿನ ಬೀಗ ತೆಗೆದಳು, ಜೋಳದ ಚೀಲದ ಬಾಯಿ ಬಿಚ್ಚಿದಳು, ಹಗ್ಗದ ಮೇಲಿನ ಸೀರೆಗಳ ಗಂಟು ಸಡಿಲಿಸಿದಳು, ನನ್ನ ಎರಡು ಜಡೆಗಳನ್ನೂ ಬಿಚ್ಚಿಸಿದಳು. ಶಾಲೆಯಲ್ಲಿ ಅಕ್ಕೋರು, “ಏನಬೇ ಸಾವಿತ್ರಿ, ದೆವ್ವ ಬಂದಂಗ ಬಂದೀಯಲ್ಲ” ಅಂದಾಗ ಹುಡುಗಿಯರೆಲ್ಲ ನಕ್ಕರು. ನನಗೆ ಅಳು ಬರಲಿಲ್ಲ. ಜಡೆ ಕಟ್ಟಿಕೊಂಡರೆ ಅವ್ವ ಸಾಯುತ್ತಾಳೆ ಎಂಬುದು ಅವರಿಗೆ ಗೊತ್ತಿಲ್ಲವಲ್ಲ, ಪಾಪ, ಅಂದುಕೊಂಡೆ. ಅವ್ವ ಮಾತ್ರ ಏನೂ ಆಗದವಳಂತೆ ರೊಟ್ಟಿ ಬಡಿಯುತ್ತಿದ್ದಳು, ಪುಂಡಿಪಲ್ಯ ಸೋಸುತ್ತಿದ್ದಳು. ಆದರೆ ಅಡಿಗೆಮನೆಯಿಂದ ಪಡಸಾಲೆಗೆ ಬಂದಾಗಲೆಲ್ಲ ಗೋಡೆ ಗಡಿಯಾರದ ಕಡೆ ಒಮ್ಮೆ ಕಣ್ಣು ಹಾಯಿಸಿಯೇ ಹೋಗುತ್ತಿದ್ದಳು. ಅವಳಿಗೂ ಹೆದರಿಕೆ ಇದೆ ಎಂದು ನನಗೆ ತಿಳಿದದ್ದು ಹಾಗೆ.

ಅಂಥ ಮನೆಗೆ ಒಂದು ಶನಿವಾರ ಮಧ್ಯಾಹ್ನ ಅಪ್ಪ ಚದುರಂಗದ ಗಡಿಯಾರ ತಂದ. ಆಯಿ ಬೀಸುವ ಕಲ್ಲಿನ ಮುಂದೆ ಇದ್ದಳು, ಕಿಸೆ ನೋಡಲು ಎದ್ದು ಬರಲಿಲ್ಲ. ಅಪ್ಪ ಟವೆಲಿನ ಗಂಟನ್ನು ಪಡಸಾಲೆಯ ಮೂಲೆಯಲ್ಲಿ, ಗೋಧಿ ಡಬ್ಬಿಯ ಹಿಂದೆ ಬಿಚ್ಚಿದ. ಅಂಥ ವಸ್ತುವನ್ನು ನಾನು ಕಂಡಿರಲಿಲ್ಲ. ಒಂದೇ ಮರದ ಪೆಟ್ಟಿಗೆ, ಅದರಲ್ಲಿ ಎರಡು ಗಡಿಯಾರ ಅಕ್ಕಪಕ್ಕ, ಅವಳಿ ಮಕ್ಕಳ ಮುಖದಂತೆ. ತಲೆಯ ಮೇಲೆ ಎರಡು ಗುಂಡಿ. ಒಂದನ್ನು ಒತ್ತಿದರೆ ಇನ್ನೊಂದು ಮೇಲೇಳುತ್ತದೆ. ಊರಿನಲ್ಲಿ ಚದುರಂಗ ಆಡುವವರ ಒಂದು ಗುಂಪಿತ್ತು. ಅವರ ಹತ್ತಿರ ಇದ್ದದ್ದೇ ಈ ಒಂದು ಗಡಿಯಾರ. ಮರುದಿನ ಪಂದ್ಯದ ಕೊನೆಯ ಆಟ. ರಿಪೇರಿ ಮುಗಿದಿತ್ತು, ಆದರೆ ಎರಡೂ ಕಡೆ ಸರಿಯಾಗಿ ನಡೆಯುತ್ತದೆಯೇ ಎಂದು ಹಗಲು ರಾತ್ರಿ ಒಂದು ದಿನ ಪೂರ್ತಿ ನೋಡಬೇಕಿತ್ತು, ರಾತ್ರಿ ಅಂಗಡಿಯಲ್ಲಿ ಗುಂಡಿ ಒತ್ತುವವರಿಲ್ಲ.

“ಅಪ್ಪಾ, ಇದು ಒಂದ ಮಾರಿ ನಡ್ಯಾಕತ್ತದ, ಇನ್ನೊಂದು ನಿಂತದ.”

“ಹಂಗ ಇರಬೇಕು. ಇಬ್ಬರು ಎದುರಾಬದುರು ಕುಂತು ಆಡ್ತಾರ. ಒಬ್ಬೊಬ್ಬರಿಗೂ ಒಂದೊಂದು ತಾಸು. ನೀ ವಿಚಾರ ಮಾಡೋ ಮಟ ನಿಂದು ನಡೀತದ, ನಂದು ನಿಂತಿರ್ತದ. ನೀ ಒಂದು ಕಾಯಿ ನಡಿಸಿ ನಿನ್ನ ಗುಂಡಿ ಒತ್ತಿದಿ ಅಂದ್ರ ನಿಂದು ನಿಲ್ತದ, ನಂದು ನಡೀತದ. ಈ ಕೆಂಪು ಪತಾಕಿ ನೋಡು. ತಾಸು ಮುಗಿಯಾಕ ಬಂದಂಗ ಮುಳ್ಳು ಇದನ್ನ ಮ್ಯಾಲ ಎತ್ತತದ. ಮುಗೀತೋ, ಟಪ್ಪಂತ ಬೀಳ್ತದ. ಯಾರ ಪತಾಕಿ ಬಿತ್ತೋ ಅವರ ಆಟ ಹೋತು.”

“ಆಯಿ ನೋಡಿದ್ರ?”

ಅಪ್ಪ ಬೀಸುವ ಕಲ್ಲಿನ ಸದ್ದಿನ ಕಡೆ ನೋಡಿ, “ಆಯಿಗೆ ಹೇಳಬ್ಯಾಡ. ತಾಸಿಗೊಮ್ಮೆ ಗುಂಡಿ ಬದಲು ಒತ್ತು, ಮರೀಬ್ಯಾಡ” ಎಂದು ಅಂಗಡಿಗೆ ಹೋದ.

ಆ ಮಧ್ಯಾಹ್ನವನ್ನು ನಾನು ಮರೆತಿಲ್ಲ. ಒಂದು ಗುಂಡಿ ಒತ್ತಿದರೆ ಒಂದು ಮುಖ ಸಾಯುತ್ತಿತ್ತು, ಇನ್ನೊಂದು ಬದುಕುತ್ತಿತ್ತು. ಅಪ್ಪ ತಾಸಿಗೊಮ್ಮೆ ಎಂದಿದ್ದ, ನಾನು ಗಳಿಗೆಗೊಮ್ಮೆ ಒತ್ತಿದೆ. ಯಾವುದೂ ಬಹಳ ಹೊತ್ತು ನಿಂತಿರದ ಹಾಗೆ ನೋಡಿಕೊಂಡರೆ ದೋಷ ತಟ್ಟಲಿಕ್ಕಿಲ್ಲ ಎಂಬುದು ನನ್ನ ಲೆಕ್ಕ. ಆಟಕ್ಕೆ ಕರೆಯಲು ಬಂದ ಗೆಳತಿಯನ್ನು ಹಾಗೇ ಕಳಿಸಿದೆ. ಒಳಗೆ ಅವ್ವ ಕೆಮ್ಮಿದರೂ ನನ್ನ ಕೈ ಗುಂಡಿಗೆ ಹೋಗುತ್ತಿತ್ತು.

ಮರುದಿನ ಬೆಳಗ್ಗೆ ಅಪ್ಪ ಗಡಿಯಾರದ ಹಿಂದಿನ ಮುಚ್ಚಳ ತೆಗೆದು ತುಸು ನಿಧಾನವಿದ್ದ ಒಂದು ಕಡೆಯನ್ನು ಸರಿಮಾಡುತ್ತಿದ್ದ. ಅಷ್ಟರಲ್ಲಿ ಒಳಕೋಣೆಯಿಂದ ಅವ್ವ ನರಳಿದ್ದು ಕೇಳಿತು. ಅದು ಕೆಮ್ಮಲ್ಲ. ಆಯಿ ಕೂಗಿದಳು, “ಯಲ್ಲಮ್ಮನ್ನ ಕರಕೊಂಡು ಬಾರಲೇ, ಲಗೂನ!” ಯಲ್ಲಮ್ಮ ಸೂಲಗಿತ್ತಿ, ಎರಡು ಓಣಿ ಆಚೆ ಇದ್ದಳು. ಅಪ್ಪ ಕೈಯಲ್ಲಿದ್ದ ಚಿಮಟವನ್ನು ನೆಲಕ್ಕಿಟ್ಟು ಓಡಿದ. ಪಡಸಾಲೆಯಲ್ಲಿ ನಾನು, ತೆರೆದ ಬೆನ್ನಿನ ಆ ಗಡಿಯಾರ, ಎರಡೇ. ಅದರ ಬಲಗಡೆಯ ಮುಖ ನಿಂತಿತ್ತು.

ಅವ್ವ ಎರಡನೆಯ ಸಲ ಕೂಗಿದಳು. ನಾನು ಎರಡು ಗುಂಡಿಗಳನ್ನೂ ಸಮವಾಗಿ ಹಿಡಿದರೆ ಎರಡೂ ನಡೆಯಬಹುದೆಂದು ಹಿಡಿದೆ. ಎರಡೂ ನಿಂತವು. ಟಿಕ್‌ಟಿಕ್ ಸದ್ದು ಇಲ್ಲವಾಯಿತು. ಒಳಗೆ ಅವ್ವನ ದನಿಯೂ ಆ ಕ್ಷಣಕ್ಕೇ ನಿಂತುಹೋಯಿತು. ಸತ್ತೇಹೋದಳು, ನಾನೇ ಕೊಂದೆ ಅಂದುಕೊಂಡೆ. ಬಲಗಡೆಯ ಗುಂಡಿ ಗುದ್ದಿದೆ, ಎಡಗಡೆಯದು ಮತ್ತೆ ನಡೆಯತೊಡಗಿತು, ಅವ್ವ ಮತ್ತೆ ನರಳಿದಳು. ಹನುಮಪ್ಪಾ, ಐದು ಕಾಯಿ ಒಡೀತೀನಿ ಅನ್ನುತ್ತ ಪೆಟ್ಟಿಗೆಯ ಬೆನ್ನಿಗೆ ಕಣ್ಣಿಟ್ಟೆ. ಎಡಮುಖದ ಹಿಂದೆ ಕೂದಲಿನಂಥ ಸುರುಳಿಯ ಮೇಲೆ ಪುಟ್ಟ ಚಕ್ರವೊಂದು ಅತ್ತಿತ್ತ ತಿರುಗುತ್ತಿತ್ತು. ಬಲಮುಖದ ಹಿಂದೆ ಅಂಥದೇ ಚಕ್ರದ ಅಂಚಿಗೆ ಒಂದು ತೆಳ್ಳನೆಯ ಹಿತ್ತಾಳೆ ತಂತಿ ಒತ್ತಿಕೊಂಡಿತ್ತು. ಗುಂಡಿ ಒತ್ತಿದರೆ ತಂತಿ ಬಂದು ಚಕ್ರವನ್ನು ಹಿಡಿಯುತ್ತದೆ, ಅಷ್ಟೇ ಅದರ ಮರ್ಮ. ಗಡಿಯಾರದವನ ಮಗಳು ನಾನು, ನೋಡಿದೊಡನೆ ತಿಳಿಯಿತು. ನೆಲದ ಮೇಲಿದ್ದ ಚಿಮಟ ತೆಗೆದು ಆ ತಂತಿಯನ್ನು ಆಚೆಗೆ ಬಗ್ಗಿಸಿದೆ. ಚಕ್ರ ಬಿಡುಗಡೆಯಾಯಿತು. ಎರಡೂ ಮುಖ ಒಟ್ಟಿಗೆ ನಡೆದವು. ಒಳಗೆ ನರಳಾಟ ತಗ್ಗಿ, ಅವ್ವ ಆಯಿಯನ್ನು ನೀರು ಕೇಳಿದ್ದು ನನ್ನ ಕಿವಿಗೆ ಬಿತ್ತು. ಹೆರಿಗೆ ನೋವು ಅಲೆಯಲೆಯಾಗಿ ಬರುತ್ತದೆಂದು ಒಂಬತ್ತು ವರ್ಷದವಳಿಗೆ ಏನು ಗೊತ್ತು? ನಾನೇ ಉಳಿಸಿದೆ ಎಂದು ಗೋಡೆಗೆ ಒರಗಿ ಕೂತೆ.

ಯಲ್ಲಮ್ಮ ಬಂದಳು. ಅಪ್ಪ ಅವಳ ಹಿಂದೆಯೇ ಒಳಗೆ ಹೋಗಲು ನೋಡಿದರೆ ಆಯಿ ಬಾಗಿಲಿಗೆ ಕೈ ಅಡ್ಡ ಇಟ್ಟಳು.

“ಗಂಡಸರಿಗೆ ಇಲ್ಲೇನು ಕೆಲಸ? ಹೋಗು, ಈ ಹುಡಿಗೀನೂ ಕರಕೊಂಡು ಹೋಗು. ಮಾರಿ ನೋಡು ಅದರದು, ಹಿಟ್ಟು ಬಡದಂಗ ಆಗೇದ.”

ಅಪ್ಪ ಒಳಕೋಣೆಯ ಕಡೆಗೇ ಕಿವಿ ಇಟ್ಟಿದ್ದ. ಗಡಿಯಾರದ ಮುಖಗಳನ್ನು ನೋಡಲೇ ಇಲ್ಲ. ಮುಚ್ಚಳಕ್ಕೆ ಸ್ಕ್ರೂ ತಿರುವಿ ಟವೆಲಿನಲ್ಲಿ ಸುತ್ತಿ ಕಂಕುಳಿಗೆ ಇಟ್ಟುಕೊಂಡ. ದಾರಿಯುದ್ದಕ್ಕೂ ಅವನ ಕಂಕುಳಲ್ಲಿ ಎರಡು ಸದ್ದು ಜೋಡಿಯಾಗಿ ಬರುತ್ತಿದ್ದವು. ಕೇಳುತ್ತ ನಾನು ಧೈರ್ಯ ತಂದುಕೊಂಡೆ.

ಆಟ ಒಂದು ಶಾಲೆಯ ಹಾಲಿನಲ್ಲಿತ್ತು, ಪಂದ್ಯ ನಡೆಸುವವರು ಆ ಶಾಲೆಯ ಹೆಡ್‌ಮಾಸ್ತರರು. ನಲವತ್ತು ಐವತ್ತು ಮಂದಿ ಸೇರಿದ್ದರು. ಒಂದು ಕಡೆ ದೇವದುರ್ಗದಿಂದ ಬಂದ ಲೆಕ್ಕದ ಮಾಸ್ತರರು, ಇನ್ನೊಂದು ಕಡೆ ನಮ್ಮೂರ ಬಳೆ ವ್ಯಾಪಾರಿ ಲಾಲ್‌ಸಾಬ್ ಚಾಚಾ. ಚಾಚಾನನ್ನು ನಾನು ಬಲ್ಲೆ; ಅವ್ವನ ಏಳು ತಿಂಗಳ ಕುಬಸಕ್ಕೆ ಹಸಿರು ಬಳೆ ಇಟ್ಟವರು ಅವರೇ. ಬಿಳಿ ಗಡ್ಡ, ದಪ್ಪ ಕನ್ನಡಕ. ತಮ್ಮ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಒಬ್ಬರೇ ಎರಡೂ ಕಡೆ ಆಡುತ್ತಾ ಕೂರುವವರು. ಅಪ್ಪ ಎರಡೂ ಮುಖಗಳ ಮುಳ್ಳು ಐದಕ್ಕೆ ತಿರುವಿದ. ಆರಾದರೆ ಒಂದು ತಾಸು ಮುಗಿದಂತೆ. ಅವನ ಕಣ್ಣು ಮುಳ್ಳಿನ ಮೇಲೆ ಇದ್ದದ್ದಕ್ಕಿಂತ ಹಾಲಿನ ಬಾಗಿಲ ಮೇಲೆ ಹೆಚ್ಚು, ಮನೆಯಿಂದ ಯಾರಾದರೂ ಸುದ್ದಿ ತರುತ್ತಾರೇನೋ ಎಂದು. ಹೆಡ್‌ಮಾಸ್ತರರು ಶುರು ಮಾಡಿ ಎಂದರು. ಬಲಗಡೆಯ ಮುಖ ಲಾಲ್‌ಸಾಬ್ ಚಾಚಾನ ಪಾಲಿಗೆ ಬಂತು.

ಮೊದಲು ನನಗೆ ಸಮಾಧಾನವೇ ಇತ್ತು. ಆಮೇಲೆ ನೋಡುತ್ತ ನೋಡುತ್ತ ನಾನು ಮಾಡಿದ್ದು ಏನೆಂದು ತಿಳಿಯಿತು. ಮಾಸ್ತರರು ಗುಂಡಿ ಒತ್ತಿದರೆ ಅವರ ಮುಖ ನಿಲ್ಲುತ್ತಿತ್ತು. ಚಾಚಾ ಒತ್ತಿದರೆ ಚಾಚಾನದು ನಿಲ್ಲುತ್ತಿರಲಿಲ್ಲ. ತಮ್ಮ ಹೊತ್ತಿನಲ್ಲೂ ಅವರದು ಕರಗುತ್ತಿತ್ತು, ಎದುರಿನವರ ಹೊತ್ತಿನಲ್ಲೂ ಅವರದೇ ಕರಗುತ್ತಿತ್ತು. ಹೇಳಬೇಕೆಂದು ಎರಡು ಸಲ ಅಪ್ಪನ ಅಂಗಿ ಹಿಡಿದು ಜಗ್ಗಿದೆ. ಹೇಳಿದರೆ ಏನಾಗುತ್ತದೆ? ಅಪ್ಪ ತಂತಿಯನ್ನು ಮತ್ತೆ ಬಗ್ಗಿಸುತ್ತಾನೆ, ಮುಖ ನಿಲ್ಲುತ್ತದೆ, ಅಲ್ಲಿ ಒಳಕೋಣೆಯಲ್ಲಿ ಅವ್ವ... ಹೇಳಲಿಲ್ಲ. ದೇವರ ಮುಂದೆ ಕೂತು ಒಪ್ಪಿಕೊಳ್ಳುತ್ತೇನೆ, ಆ ಮುದುಕರ ಆಟ ಹೋಗಲಿ, ನಮ್ಮವ್ವ ಇರಲಿ ಎಂದು ಆ ಕ್ಷಣ ಬೇಡಿಕೊಂಡೆ.

“ಚಾಚಾ, ಟೈಮ್ ನೋಡ್ರಿ,” ಯಾರೋ ಹಿಂದಿನಿಂದ ಅಂದರು.

ಚಾಚಾ ಕನ್ನಡಕ ಎತ್ತಿ ನೋಡಿದರು.

“ಅರೆ! ನಾ ಇಷ್ಟೊತ್ತು ಕುಂತೆನೇನು? ಗೊತ್ತಾಗ್ಲೇ ಇಲ್ಲ ನೋಡು. ಮುದುಕ ಆದೆ.”

ಅಲ್ಲಿಂದ ಅವರು ಅವಸರಕ್ಕೆ ಬಿದ್ದರು. ಎರಡು ನಡೆಯಲ್ಲಿ ಆನೆ ಕಳೆದುಕೊಂಡರು. ಸುತ್ತ ನಿಂತವರು ಚು ಚು ಎಂದರು. ಕೆಂಪು ಪತಾಕೆ ಮೆಲ್ಲಗೆ ಮೇಲೇಳುತ್ತಿತ್ತು, ಹಾವು ಹೆಡೆ ಎತ್ತಿದ ಹಾಗೆ. ಆಗ ದೇವದುರ್ಗದ ಮಾಸ್ತರರು ಹಾಲಿನ ಗೋಡೆ ಗಡಿಯಾರ ನೋಡಿ, ಆಡುವುದು ಬಿಟ್ಟು ಬೆರಳು ಮಡಚತೊಡಗಿದರು.

“ಒಂಚೂರು ನಿಲ್ರಿ. ನಾವು ಕುಂತಿದ್ದು ಹತ್ತಕ್ಕ. ಈಗ ಹನ್ನೊಂದಕ್ಕ ಹತ್ತು ಕಮ್ಮಿ. ಅಂದ್ರ ಇಬ್ಬರದೂ ಕೂಡಿ ಐವತ್ತು ನಿಮಿಷ ಆಗಬೇಕು, ಹೌದಿಲ್ಲೋ? ನಂದು ಇಪ್ಪತ್ತೈದು ಆಗೇದ, ಸಾಹೇಬರ್ದು ಐವತ್ತು ಆಗೇದ. ಎಪ್ಪತ್ತೈದು ಎಲ್ಲಿಂದ ಬಂತ್ರಿ?”

“ಮಾಸ್ತರ, ನೀವು ಗೆಲ್ಲಾಕತ್ತೀರಿ, ಸುಮ್ಮನ ಕುಂದರ್ರಿ!” ಯಾರೋ ನಕ್ಕರು.

“ಗೆದ್ರೂ ಲೆಕ್ಕ ಕೂಡಬೇಕಲ್ಲೋ ಮಾರಾಯ.”

ಹೆಡ್‌ಮಾಸ್ತರರು ಬಂದು ಗುಂಡಿಗಳನ್ನು ಸಮಕ್ಕೆ ಹಿಡಿದರು. ತಕರಾರು ಬಂದರೆ ಎರಡನ್ನೂ ನಿಲ್ಲಿಸುವುದು ಆಟದ ನಿಯಮ. ಎಡಗಡೆಯದು ನಿಂತಿತು. ಬಲಗಡೆಯದು ನಡೆಯುತ್ತಲೇ ಇತ್ತು. ಇಡೀ ಹಾಲು ಅಪ್ಪನ ಕಡೆ ತಿರುಗಿತು. ಅಪ್ಪ ಮುಚ್ಚಳ ಬಿಚ್ಚಿದ, ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡ, ಚಿಮಟದ ತುದಿಯನ್ನು ಚಕ್ರದ ಅಂಚಿಗೆ ಮುಟ್ಟಿಸಿದ. ಅದೂ ನಿಂತಿತು. ಬೆಳಗ್ಗೆ ನಮ್ಮ ಪಡಸಾಲೆಯಲ್ಲಿ ಕೇಳಿದ ಆ ನಿಶ್ಶಬ್ದವೇ ಅಲ್ಲಿಯೂ ಬಂತು.

“ಬ್ಯಾಡಪ್ಪಾ! ನಿಲ್ಲಸಬ್ಯಾಡ! ಅವ್ವ ಸಾಯ್ತಾಳ!”

ಆ ದನಿ ನನ್ನದೆಂದು ನನಗೇ ತಿಳಿಯಲಿಲ್ಲ. ಅಪ್ಪ ಭೂತಗನ್ನಡಿ ತೆಗೆಯದೆಯೇ ತಲೆ ಎತ್ತಿದ. ಆ ಒಂದು ನೋಟದಲ್ಲಿ ಅವನಿಗೆ ಎಲ್ಲ ತಿಳಿಯಿತು. ತಿಳಿಯಿತೆಂಬುದು ನನಗೂ ತಿಳಿಯಿತು. ಅವನು ಏನು ಹೇಳುತ್ತಾನೋ ಕೇಳಲು ನಾನು ನಿಲ್ಲಲಿಲ್ಲ. ಮಂದಿಯ ಕಾಲುಗಳ ನಡುವೆ ನುಸುಳಿ ಹೊರಗೆ ಬಿದ್ದೆ.

ಬಿಚ್ಚುಗೂದಲು ಬಾಯಿಗೆ ಹೋಗುತ್ತಿತ್ತು, ಬರಿಗಾಲು ಬಿಸಿಲಿಗೆ ಸುಡುತ್ತಿತ್ತು. ಟಾಂಗಾದವನೊಬ್ಬ, “ಸಾಯಾಕ ಹೊಂಟೀಯೇನಬೇ?” ಎಂದು ಬೈದ. ಹರಕೆಯ ಐದು ಕಾಯಿ ಹತ್ತಾದವು, ಹತ್ತು ಇಪ್ಪತ್ತೊಂದಾದವು. ಹನುಮಪ್ಪನ ಗುಡಿ ದಾಟುವಾಗ ನಿಂತು ಕೈ ಮುಗಿಯಲೂ ಹೆದರಿಕೆ, ನಿಂತರೆ ಏನಾಗುತ್ತದೋ ಎಂದು. ಮನೆ ಮುಟ್ಟಿದಾಗ ಒಳಕೋಣೆಯ ಬಾಗಿಲು ಹಾಕಿತ್ತು. ಒಳಗೆ ಸದ್ದಿಲ್ಲ. ಅವ್ವನ ದನಿಯಿಲ್ಲ, ಅಳುವಿಲ್ಲ. ಎರಡು ವರ್ಷದ ಹಿಂದೆಯೂ ಹೀಗೇ ಇತ್ತು. ಅಡಿಗೆಮನೆಯ ಕಂಬ ಹಿಡಿದುಕೊಂಡು ನಿಂತೆ. ಬಾಗಿಲು ತೆರೆಯಿತು, ಆಯಿ ಖಾಲಿ ತಂಬಿಗೆ ಹಿಡಿದು ಹೊರಗೆ ಬಂದಳು. ಅವಳ ಕಣ್ಣು ಕೆಂಪಗಿದ್ದವು.

“ಆಯೀ...”

“ಹೆಣ್ಣು,” ಎಂದಳು ಆಯಿ. “ಇದೀಗ ಆತು. ಒಂದ ಸಲ ಜೋರಾಗಿ ಅತ್ತು ಮಲಗೇದ.”

“ಅವ್ವ?”

“ನಿಮ್ಮವ್ವನ? ಕಣ್ಣು ತೆರೆದು ಮೊದಲ ಕೇಳಿದ್ದ ನಿನ್ನ ಸುದ್ದಿ. ಸಾವಿ ಉಂಡಾಳೇನ್ರಿ ಅಂತಾಳ. ಏನು ಹೇಳ್ಲಿ ನಾ? ಉಂಡೀಯಿಲ್ಲೋ?”

ನಾನು ಆಯಿಯ ಸೀರೆಯಲ್ಲಿ ಮುಖವಿಟ್ಟು ಅತ್ತೆ. ಇದೀಗ ಆತು ಎಂದರೆ ಯಾವಾಗ ಎಂದು ಆಮೇಲೆ ನಾನು ಎಷ್ಟೋ ಸಲ ಎಣಿಸಿದ್ದೇನೆ. ಹಾಲಿನಲ್ಲಿ ಎರಡೂ ಮುಖ ನಿಂತಿದ್ದ ಹೊತ್ತು ಅದು. ಆಯಿ ಬದುಕಿರುವವರೆಗೂ ಅದನ್ನು ಅವಳಿಗೆ ಹೇಳಲಿಲ್ಲ. ಅವಳ ನಂಬಿಕೆ ಅವಳಿಗಿರಲಿ. ನನ್ನ ಮಟ್ಟಿಗೆ ದೇವರು ಯಾವ ಚಕ್ರ ತಿರುಗಿದರೂ ನಿಂತರೂ ಕೈಬಿಡಲಿಲ್ಲ, ಅಷ್ಟೇ.

ಅಪ್ಪ ಮಧ್ಯಾಹ್ನದ ಮೇಲೆ ಬಂದ. ಹೊಡೆಯುತ್ತಾನೆಂದು ನಾನು ಬಚ್ಚಲ ಹಿಂದೆ ಕೂತಿದ್ದೆ. ಅವನು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

“ತಂತಿ ನನ್ನ ಕೈತಪ್ಪಿಲೆ ಬಗ್ಗೇದ ಅಂತ ಹೇಳೀನಿ. ಅಷ್ಟ ಇರಲಿ,” ಎಂದ. ನನ್ನ ಬಿಚ್ಚುಗೂದಲು ಹಿಂದಕ್ಕೆ ಸರಿಸಿ, “ಯಾಕ ಮಾಡಿದಿ ಅಂತ ಕೇಳಂಗಿಲ್ಲ ಸಾವಿ. ಆ ಲೋಲಕ ತೆಗೆದಾಂವ ನಾನ ಅಲ್ಲೇನು” ಎಂದ.

“ಚಾಚಾ ಗೆದ್ರೇನಪ್ಪಾ?”

“ಕಳೆದ ನಿಮಿಷ ಲೆಕ್ಕ ಹಾಕಿ ವಾಪಸ್ ಕೊಟ್ವಿ. ಆನಿ ಹೆಂಗ ವಾಪಸ್ ಕೊಡೋದು? ಆಡಿದ್ದು ಆಡಿದ್ದ. ಸೋತ್ರು. ಗೆಲ್ಲೋ ಆಟ ಇತ್ತು.”

ಇನ್ನು ಮುಂದೆ ಆ ಗಡಿಯಾರವನ್ನು ರಿಪೇರಿಗೆ ಹೈದರಾಬಾದಿಗೇ ಕಳಿಸುತ್ತೇವೆ ಎಂದು ಹೆಡ್‌ಮಾಸ್ತರರು ಮಂದಿಯ ಎದುರು ಅಂದಿದ್ದರಂತೆ. ಅದನ್ನು ಅಪ್ಪ ಹೇಳಲಿಲ್ಲ, ಬೇರೆಯವರಿಂದ ಕೇಳಿದೆ.

ಐದನೆಯ ದಿನ ಆಯಿ ನನ್ನ ಕೈಗೆ ಸಕ್ಕರೆಯ ತಟ್ಟೆ ಕೊಟ್ಟು ಓಣಿಯಲ್ಲಿ ಹಂಚಿ ಬಾ ಎಂದಳು. ಓಣಿ ಮುಗಿಸಿ ನಾನು ಲಾಲ್‌ಸಾಬ್ ಚಾಚಾನ ಅಂಗಡಿಗೆ ಹೋದೆ. ಅವರು ಒಬ್ಬರೇ ಇದ್ದರು, ಬಳೆಗಳ ನಡುವೆ. ತಟ್ಟೆ ಮುಂದೆ ಹಿಡಿದೆ.

“ತಂಗಿ ಹುಟ್ಟ್ಯಾಳ್ರಿ. ತಂತಿ ನಾನ ಬಗ್ಗಿಸಿದ್ದು, ಅಪ್ಪ ಅಲ್ಲ.”

ಚಾಚಾ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಸವಿದರು.

“ನಿಮ್ಮವ್ವ ಅರಾಮ ಅದಾಳೇನು?”

“ಅದಾಳ್ರಿ.”

“ಅಲ್ಲಾ ಚೊಲೊ ಮಾಡ್ದ. ನೋಡು ಬೇಟಾ, ಆ ಆಟ ನಾ ಹೆಂಗೂ ಸೋಲಾಂವ ಇದ್ದೆ. ಗಡಿಯಾರ್ದ ಮಾತು ನಕೋ, ಬಿಡು. ಆ ಮಾಸ್ತರಂದು ಒಂದು ಕುದುರಿ ಇತ್ತಲ್ಲ, ಅದು ಒಳಗ ಹೊಕ್ಕು ಕೆಡಿಸಿತು. ಆ ಕುದುರಿಗೆ ಯಾರೇನು ಮಾಡಾಕ ಆಗ್ತದ?”

ಲಾಲ್‌ಸಾಬ್ ಚಾಚಾ ಐದು ಹೊತ್ತಿನ ನಮಾಜಿನವರು. ಬಳೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹೇಳಿಯೇ ಮಾರುವವರು. ಅವರ ಬಾಯಿಂದ ಸುಳ್ಳು ಕೇಳಿದವರು ಊರಲ್ಲಿ ಯಾರೂ ಇರಲಿಕ್ಕಿಲ್ಲ. ಆ ದಿನ ಅವರು ಕಂಗಾಲಾಗುವ ಮೊದಲೇ ಮಾಸ್ತರರ ಎರಡೂ ಕುದುರೆಗಳು ಹಲಗೆಯ ಹೊರಗೆ, ಗಡಿಯಾರದ ಪಕ್ಕದಲ್ಲಿ ಮಲಗಿದ್ದವು. ಅವುಗಳ ಮೂತಿ ನೋಡುತ್ತಲೇ ನಾನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಂತದ್ದು. ಚಾಚಾ ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು, ನಾನು ಏನನ್ನುತ್ತೇನೋ ಎಂದು ಕಾಯುತ್ತ.

“ಹೌದ್ರಿ ಚಾಚಾ,” ಅಂದೆ. “ಆ ಕುದುರಿ ಭಾಳ ಜೋರಿತ್ತು.”